ಹಣ್ಣಿನ ನಾಡಿನ ತಾಯಿ

ಪುಟ್ಟ ಮಕ್ಕಳನ್ನು ಕಟ್ಟಿಕೊಂಡು, ಪೇಟೆಯ ಹಂಗಿಲ್ಲದೆ ಬಾಳಲು ಹೊರಟ ಒಂದು ಸಂಸಾರದ ಏಳು ತಿಂಗಳ ಕಥೆ

ನಗರದ ಗದ್ದಲ ಸಾಕಾಯಿತು. ಎಲ್ಲವನ್ನೂ ಬಿಟ್ಟು ಎಲ್ಲಿಯಾದರೂ ನಾಲ್ಕು ಎಕರೆ ನೆಲ ಹಿಡಿದು, ಬೆಳೆದುದನ್ನು ಉಂಡು, ನೆಮ್ಮದಿಯಿಂದ ಇದ್ದುಬಿಡೋಣ — ತಿಂಗಳ ಕೊನೆಯ ವಾರದಲ್ಲಿ ಈ ಮಾತನ್ನು ಒಮ್ಮೆಯಾದರೂ ಆಡದ ಗೃಹಸ್ಥನುಂಟೆ? ಹಾಲಿನ ಲೆಕ್ಕ, ಮನೆಯ ಬಾಡಿಗೆ, ದೀಪದ ಬಿಲ್ಲು, ಮಕ್ಕಳ ಶಾಲೆಯ ಶುಲ್ಕ ಇವೆಲ್ಲವೂ ಒಮ್ಮೆಗೇ ಬಾಗಿಲಿಗೆ ಬಂದು ನಿಂತಾಗ, ಬಾವಿಯ ನೀರು, ಹಣತೆಯ ಬೆಳಕು, ಹಿತ್ತಲ ಸೊಪ್ಪು ಸ್ವರ್ಗಸಮಾನವಾಗಿ ತೋರುವುದು ಸಹಜವೇ. ಆ ಮಾತನ್ನು ಕೇಳಿದ ಗೃಹಿಣಿ ಬಹುಮಟ್ಟಿಗೆ ನಕ್ಕು ಸುಮ್ಮನಾಗುತ್ತಾಳೆ. ಆದರೆ ಅವಳ ನಗೆಯಲ್ಲಿ ಒಂದು ಪ್ರಶ್ನೆ ಅಡಗಿರುತ್ತದೆ: ಆ ಬಾವಿಯಿಂದ ನೀರು ಸೇದುವವರು ಯಾರು? ನಡುರಾತ್ರಿಯಲ್ಲಿ ಮಗುವಿಗೆ ಜ್ವರ ಬಂದರೆ ಆ ಹಣತೆಯನ್ನು ಹಿಡಿದು ಎಚ್ಚರವಾಗಿ ಕೂರುವವರು ಯಾರು?

ನಮ್ಮ ಹಿರಿಯರು ಈ ಪ್ರಶ್ನೆಯನ್ನು ಬಲ್ಲವರಾಗಿದ್ದಿರಬೇಕು. ಗೃಹಸ್ಥನು ತನ್ನ ತಲೆ ನರೆತುದನ್ನೂ ಮಕ್ಕಳಿಗೆ ಮಕ್ಕಳಾದುದನ್ನೂ ಕಂಡ ಬಳಿಕ ವಾನಪ್ರಸ್ಥಕ್ಕೆ ಹೊರಡಲಿ ಎಂದು ಸ್ಮೃತಿಕಾರರು ವಿಧಿಸಿದರು. ತೊಟ್ಟಿಲಲ್ಲಿ ಕೂಸಿರುವಾಗ ಕಾಡಿಗೆ ಹೋಗು ಎಂದು ಅವರು ಹೇಳಲಿಲ್ಲ. ಅಮೆರಿಕದ ಹೆನ್ರಿ ಡೇವಿಡ್ ಥೋರೋ ೧೮೪೫ರ ಜುಲೈ ೪ರಂದು ವಾಲ್ಡನ್ ಕೊಳದ ದಡದ ತನ್ನ ಗುಡಿಸಲಿಗೆ ಹೋಗಿ ಎರಡು ವರ್ಷಕ್ಕೂ ಮಿಗಿಲಾಗಿ ಅಲ್ಲಿದ್ದನು. ಸರಳ ಜೀವನದ ಮಾತು ಬಂದಾಗಲೆಲ್ಲ ಜಗತ್ತು ಅವನನ್ನು ನೆನೆಯುತ್ತದೆ. ಆದರೆ ಥೋರೋ ಅವಿವಾಹಿತ. ಅವನ ಗುಡಿಸಲಿನಲ್ಲಿ ಅಳುವ ಮಗುವಿರಲಿಲ್ಲ, ಒಗೆಯಬೇಕಾದ ಬಟ್ಟೆಯ ರಾಶಿಯಿರಲಿಲ್ಲ.

ಥೋರೋಗಿಂತ ಎರಡು ವರ್ಷ ಮೊದಲು, ಅವನ ಊರಿನಿಂದ ಹದಿನಾಲ್ಕು ಮೈಲಿಯಷ್ಟು ದೂರದಲ್ಲಿ, ಅದೇ ಬಯಕೆಯಿಂದ ಹೊರಟ ಇನ್ನೊಂದು ಗುಂಪು ಇತ್ತು. ಆ ಗುಂಪಿನಲ್ಲಿ ನಾಲ್ವರು ಹೆಣ್ಣುಮಕ್ಕಳಿದ್ದರು. ಹಿರಿಯಳಿಗೆ ಹನ್ನೆರಡು ವರ್ಷ, ಕಿರಿಯಳಿಗೆ ಇನ್ನೂ ಮೂರು ತುಂಬಿರಲಿಲ್ಲ. ಎರಡನೆಯವಳು ಹತ್ತು ವರ್ಷದ ಲೂಯಿಸಾ ಮೇ ಆಲ್ಕಾಟ್. ಮುಂದೆ ೧೮೬೮ರಲ್ಲಿ 'ಲಿಟ್ಲ್ ವಿಮೆನ್' ಎಂಬ ಕಾದಂಬರಿಯನ್ನು ಬರೆದು ಲೋಕದ ಮನೆಮನೆಗೂ ಪರಿಚಿತಳಾದವಳು ಈಕೆಯೇ. ಆ ಕಾದಂಬರಿಯ ನಾಲ್ವರು ಅಕ್ಕತಂಗಿಯರನ್ನು ಬಲ್ಲ ಓದುಗರು ನಮ್ಮಲ್ಲಿಯೂ ಅನೇಕರುಂಟು. ಆ ಅಕ್ಕತಂಗಿಯರು ನಿಜವಾಗಿ ಕಳೆದ ಒಂದು ಬೇಸಗೆ ಮತ್ತು ಒಂದು ಚಳಿಗಾಲದ ಸಂಗತಿ ಅಷ್ಟಾಗಿ ತಿಳಿದುದಲ್ಲ.

ಕನಸುಗಾರ ತಂದೆ

ಲೂಯಿಸಾಳ ತಂದೆ ಏಮಸ್ ಬ್ರಾನ್ಸನ್ ಆಲ್ಕಾಟ್ ವೃತ್ತಿಯಿಂದ ಉಪಾಧ್ಯಾಯ, ಸ್ವಭಾವದಿಂದ ತತ್ತ್ವಜ್ಞಾನಿ. ೧೭೯೯ರಲ್ಲಿ ಬಡ ರೈತನ ಮಗನಾಗಿ ಹುಟ್ಟಿದ ಆತನಿಗೆ ಮಕ್ಕಳೆಂದರೆ ದೇವರ ಹತ್ತಿರದವರೆಂಬ ನಂಬಿಕೆ. ಬೆತ್ತವೇ ಗುರು ಎಂದು ಎಲ್ಲರೂ ತಿಳಿದಿದ್ದ ಆ ಕಾಲದಲ್ಲಿ, ಮಕ್ಕಳನ್ನು ಮಾತನಾಡಿಸಿ, ಪ್ರಶ್ನೆ ಕೇಳಿ, ಅವರ ಬಾಯಿಂದಲೇ ಉತ್ತರ ಹೊರಡಿಸಬೇಕೆಂದು ಆತ ಸಾರಿದ. ತಪ್ಪು ಮಾಡಿದ ಹುಡುಗನನ್ನು ಹೊಡೆಯುವುದಕ್ಕೆ ಬದಲಾಗಿ ತನ್ನ ಕೈಯನ್ನೇ ಮುಂದೆ ಚಾಚಿ ಆ ಹುಡುಗನಿಂದಲೇ ಏಟು ಹಾಕಿಸಿಕೊಂಡ ಗುರು ಅವನು. ತನ್ನ ಹೆಣ್ಣುಮಕ್ಕಳು ಹುಟ್ಟಿದಂದಿನಿಂದ ಅವರ ನಗು, ಅಳು, ಮೊದಲ ನೋಟ, ಮೊದಲ ಹಟ ಎಲ್ಲವನ್ನೂ ಕೂಲಂಕಷವಾಗಿ ಗಮನಿಸಿ ಪುಟಗಟ್ಟಲೆ ಬರೆದಿಟ್ಟ.

೧೮೩೪ರಲ್ಲಿ ಬಾಸ್ಟನ್ ನಗರದಲ್ಲಿ ಆತ ತೆರೆದ ಶಾಲೆಗೆ ಮೊದಮೊದಲು ದೊಡ್ಡ ಮನೆತನದ ಮಕ್ಕಳು ಬಂದರು. ಆದರೆ ಮಕ್ಕಳೊಡನೆ ಧರ್ಮಗ್ರಂಥವನ್ನು ಕುರಿತು ಆತ ನಡೆಸಿದ ಮುಕ್ತ ಸಂಭಾಷಣೆಗಳು ಅಚ್ಚಾದಾಗ ಊರು ಸಿಡಿದೆದ್ದಿತು. ಬಳಿಕ ಆತ ಕರಿಯ ಜನಾಂಗದ ಹುಡುಗಿಯೊಬ್ಬಳನ್ನು ಶಾಲೆಗೆ ಸೇರಿಸಿಕೊಂಡಾಗ ಉಳಿದವರೂ ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ಹುಡುಗಿಯನ್ನು ಹೊರಗೆ ಕಳುಹಿಸಲು ಆತ ಒಪ್ಪಲಿಲ್ಲ, ಶಾಲೆ ಮುಚ್ಚಿತು. ಉಳಿದುದು ಸುಮಾರು ಆರು ಸಾವಿರ ಡಾಲರ್ ಸಾಲ. ಇಂತಹ ಮನುಷ್ಯನನ್ನು ಗೌರವಿಸದಿರುವುದು ಕಷ್ಟ. ಇಂತಹವನೊಡನೆ ಸಂಸಾರ ಮಾಡುವುದು ಇನ್ನೂ ಕಷ್ಟ.

ಸಂಸಾರ ಮಾಡಿದವಳು ಅಬಿಗೇಲ್. ಬಾಸ್ಟನ್ನಿನ ಗೌರವಸ್ಥ ಮೇ ಮನೆತನದ ಕಿರಿಯ ಮಗಳು, ಓದಿದವಳು, ಸ್ವತಂತ್ರ ಬುದ್ಧಿಯವಳು. ಗುಲಾಮಗಿರಿಯನ್ನು ವಿರೋಧಿಸುವುದರಲ್ಲಿ ಗಂಡನಿಗೆ ಏನೂ ಕಡಮೆಯಲ್ಲ. ನಾಲ್ವರು ಹೆಣ್ಣುಮಕ್ಕಳನ್ನು ಹೆತ್ತಿದ್ದಳು. ೧೮೩೯ರಲ್ಲಿ ಹುಟ್ಟಿದ ಗಂಡುಮಗುವನ್ನು ಹುಟ್ಟಿದೊಡನೆಯೇ ಕಳೆದುಕೊಂಡಿದ್ದಳು. ಮನೆಯಲ್ಲಿ ಯಾರಿಗೆ ಯಾರ ಮೇಲೆ ಮುನಿಸು ಬಂದರೂ ಚೀಟಿ ಬರೆದು ತಿಳಿಸಲೆಂದು ಆಕೆ ಒಂದು ಪುಟ್ಟ 'ಅಂಚೆಮನೆ'ಯನ್ನೇ ಏರ್ಪಡಿಸಿದ್ದಳು. ಎದುರಿಗೆ ಆಡಲಾಗದ ಮಾತು ಕಾಗದದ ಮೇಲೆ ತಣ್ಣಗೆ ಇಳಿಯುತ್ತದೆ ಎಂಬುದು ಅವಳ ಅನುಭವ. ಸಿಡುಕಿನ ಸ್ವಭಾವದ ಲೂಯಿಸಾ ಬರೆಯುವುದನ್ನು ಕಲಿತುದರಲ್ಲಿ ಆ ಚೀಟಿಗಳ ಪಾಲೂ ಉಂಟು.

೧೮೪೨ರಲ್ಲಿ ಗೆಳೆಯ ಎಮರ್ಸನ್ ಕೊಟ್ಟ ಹಣದಿಂದ ಬ್ರಾನ್ಸನ್ ಇಂಗ್ಲೆಂಡಿಗೆ ಹೋಗಿಬಂದ. ಅಲ್ಲಿ ಆತನ ಹೆಸರಿನಲ್ಲೇ ಒಂದು ಶಾಲೆ ನಡೆಯುತ್ತಿತ್ತು. ಹಿಂದಿರುಗುವಾಗ ಆತನೊಡನೆ ಚಾರ್ಲ್ಸ್ ಲೇನ್ ಎಂಬ ಕಠೋರ ವ್ರತನಿಷ್ಠನೂ ಅವನ ಮಗ ವಿಲಿಯಂ ಎಂಬ ಹುಡುಗನೂ ಬಂದರು. ಹೊಸ ಬಾಳಿನ ಯೋಜನೆ ಸಿದ್ಧವಾಯಿತು. ಲೇನ್ ತನ್ನ ಉಳಿತಾಯವನ್ನು ತೊಡಗಿಸಿ, ಮ್ಯಾಸಚೂಸೆಟ್ಸ್ ಪ್ರಾಂತದ ಹಾರ್ವರ್ಡ್ ಎಂಬ ಹಳ್ಳಿಯಲ್ಲಿ — ಇದು ವಿಶ್ವವಿದ್ಯಾನಿಲಯದ ಊರಲ್ಲ, ಹೆಸರೊಂದೇ — ಸುಮಾರು ತೊಂಬತ್ತು ಎಕರೆಯ ಒಂದು ಹೊಲವನ್ನು ಸಾವಿರದ ಎಂಟುನೂರು ಡಾಲರಿಗೆ ಗೊತ್ತುಮಾಡಿದ. ಅಲ್ಲಿದ್ದುದು ಒಂದು ಹಳೆಯ ಮರದ ಮನೆ ಮತ್ತು ಹತ್ತರಷ್ಟು ಮುದಿ ಸೇಬಿನ ಮರಗಳು. ಅದಕ್ಕೆ ಅವರಿಟ್ಟ ಹೆಸರು 'ಫ್ರೂಟ್‌ಲ್ಯಾಂಡ್ಸ್', ಅಂದರೆ ಹಣ್ಣಿನ ನಾಡು.

ಇಲ್ಲದವುಗಳ ಪಟ್ಟಿ

೧೮೪೩ರ ಜೂನ್ ೧ರಂದು ಬಂಡಿಯೊಂದು ಆ ಗುಡ್ಡವನ್ನೇರಿತು. ಸರಿಯಾದ ದಾರಿಯೂ ಇಲ್ಲದ ಮನೆ. ಮುಂದೆ ನೋಡಿದರೆ ನ್ಯಾಷುವಾ ನದಿಯ ಕಣಿವೆ, ಆಚೆ ನೀಲಿ ಬೆಟ್ಟಗಳ ಸಾಲು. ಕಣ್ಣಿಗೆ ಹಬ್ಬವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ನಾಡಿನಲ್ಲಿ ಹಿಮ ಕರಗಿದೊಡನೆ ನೆಲ ಹಸನುಮಾಡಿ ಬಿತ್ತುವುದು ರೂಢಿ. ಜೂನ್ ತಿಂಗಳಲ್ಲಿ ಬಂದವರಿಗೆ ಬಿತ್ತನೆಯ ಹದ ಆಗಲೇ ತಪ್ಪಿತ್ತು. ಗುಂಪಿನಲ್ಲಿ ಬೇಸಾಯ ಬಲ್ಲವರೂ ಒಬ್ಬಿಬ್ಬರೇ.

ಆ ಮನೆಯ ನಿಯಮಗಳನ್ನು ಹೇಳುವುದೆಂದರೆ ಇಲ್ಲದವುಗಳ ಪಟ್ಟಿಯನ್ನು ಓದಿದಂತೆ. ಮಾಂಸವಿಲ್ಲ, ಮೀನಿಲ್ಲ, ಮೊಟ್ಟೆಯಿಲ್ಲ. ಇದು ನಮ್ಮಲ್ಲಿ ಅನೇಕರಿಗೆ ಸೋಜಿಗವಲ್ಲ. ಆದರೆ ಹಾಲು, ಬೆಣ್ಣೆ, ಗಿಣ್ಣುಗಳೂ ಇಲ್ಲ. ಅವು ಕರುವಿನ ಸೊತ್ತು. ಜೇನು ಇಲ್ಲ, ಅದು ಹುಳುವಿನ ದುಡಿಮೆ. ಸಕ್ಕರೆಯಿಲ್ಲ; ಅದು ಗುಲಾಮರ ಬೆವರು. ಚಹವಿಲ್ಲ, ಕಾಫಿಯಿಲ್ಲ, ಕುಡಿಯಲು ನೀರೊಂದೇ. ಹತ್ತಿ ಗುಲಾಮರು ಬೆಳೆದುದು, ಉಣ್ಣೆ ಕುರಿಯಿಂದ ಕಸಿದುದು. ಆದ್ದರಿಂದ ಗಂಡಸರು, ಹೆಂಗಸರು, ಮಕ್ಕಳು ಎಲ್ಲರಿಗೂ ಅಗಸೆನಾರಿನ ತೆಳುಬಟ್ಟೆ. ದೀಪಕ್ಕೆ ತಿಮಿಂಗಿಲದ ಎಣ್ಣೆಯಾಗಲಿ, ಪ್ರಾಣಿಗಳ ಕೊಬ್ಬಿನ ಮೇಣದ ಬತ್ತಿಯಾಗಲಿ ಸಲ್ಲದು. ಎತ್ತು ಕುದುರೆಗಳನ್ನು ದುಡಿಸಬಾರದು. ಸಲಿಕೆ ಹಿಡಿದು ಕೈಯಿಂದಲೇ ಅಗೆಯಬೇಕು. ಗೊಬ್ಬರಕ್ಕೂ ಸಗಣಿ ಸಲ್ಲದು. ಹಸುರು ಸೊಪ್ಪನ್ನೇ ಮಣ್ಣಿಗೆ ಸೇರಿಸಬೇಕು.

ಈ ಪ್ರತಿಯೊಂದು ನಿಯಮದ ಹಿಂದೆಯೂ ಒಂದು ಕರುಣೆಯಿತ್ತೆಂಬುದನ್ನು ಮರೆಯಬಾರದು. ಗುಲಾಮರ ಕಣ್ಣೀರು ಬೆರೆತ ಸಕ್ಕರೆಯನ್ನು ಬೇಡವೆನ್ನುವವನು ಹುಚ್ಚನಲ್ಲ. ಆದರೆ ಆ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿತ್ತು. ಎತ್ತಿನ ದುಡಿಮೆ, ಕುರಿಯ ಉಣ್ಣೆ, ಜೇನುಹುಳುವಿನ ಶ್ರಮ ಇವೆಲ್ಲಕ್ಕೂ ಮರುಗಿದ ಆ ಮಹನೀಯರು, ಹನ್ನೊಂದು ಹನ್ನೆರಡು ಮಂದಿಗೆ ದಿನಕ್ಕೆ ಮೂರು ಹೊತ್ತು ರೊಟ್ಟಿ ಗಂಜಿ ಬೇಯಿಸುವವಳು ಯಾರೆಂಬುದನ್ನು ಎಣಿಸಿರಲಿಲ್ಲ.

ಬೆಟ್ಟದ ಮೇಲಿನ ಬೇಸಗೆ

ಮಕ್ಕಳ ಮಟ್ಟಿಗೆ ಮೊದಲ ವಾರಗಳು ನಿಜವಾಗಿಯೂ ಸುಖದ ದಿನಗಳೇ. ಜೂನ್ ೨೪ರಂದು ಮೂರನೆಯ ಮಗಳು ಲಿಜ್ಜಿಗೆ ಎಂಟು ತುಂಬಿತು. ಮನೆಯ ಹಿಂದಿನ ತೋಪಿನಲ್ಲಿ ಒಂದು ಪುಟ್ಟ ಮರಕ್ಕೆ ಉಡುಗೊರೆಗಳನ್ನು ಕಟ್ಟಿದರು. ತಲೆಗೆ ಎಲೆಗಳ ಮಾಲೆ ಧರಿಸಿ ಮೆರವಣಿಗೆ ಹೊರಟರು. ತಂದೆ ತಾನೇ ಕಟ್ಟಿದ ಪದ್ಯವನ್ನು ಓದಿದ. ಅಂಗಡಿಯಿಂದ ಕೊಂಡುತಂದ ಒಂದು ವಸ್ತುವೂ ಬೇಕಾಗಲಿಲ್ಲ. ಆದರೂ ಆ ಹುಟ್ಟುಹಬ್ಬವನ್ನು ಹಿರಿಯಕ್ಕ ತನ್ನ ದಿನಚರಿಯಲ್ಲಿ ಬರೆದಿಟ್ಟಳು.

ಲೂಯಿಸಾಳ ದಿನಚರಿಯ ಕೆಲವು ಹಾಳೆಗಳು ಉಳಿದುಬಂದಿವೆ. ಬೆಳಗಿನ ಐದು ಗಂಟೆಗೆ ಏಳುವುದು, ತಣ್ಣೀರಿನ ಸ್ನಾನ, ಅದೂ ಅವಳಿಗೆ ಇಷ್ಟವೇ. ಆಮೇಲೆ ಲೇನ್ ಮಹಾಶಯನಿಂದ ಹಾಡಿನ ಪಾಠ, ಉಪಾಹಾರ, ಪಾತ್ರೆ ತೊಳೆಯುವುದು, ಒಂಬತ್ತರವರೆಗೆ ಗುಡ್ಡದ ಮೇಲೆ ಓಟ. ಮತ್ತೆ ಪಾಠ, ಮಧ್ಯಾಹ್ನಕ್ಕೆ ರೊಟ್ಟಿ ಮತ್ತು ಹಣ್ಣು. ಗಾಳಿಯಲ್ಲಿ ಓಡುವಾಗ ತಾನೊಂದು ಕುದುರೆಯೆಂದೋ ಒಬ್ಬ ಯಕ್ಷಿಣಿಯೆಂದೋ ಭಾವಿಸಿ ನಲಿಯುವ ಹುಡುಗಿ ಅವಳು. ನಗರದ ಇಕ್ಕಟ್ಟಿನ ಬಾಡಿಗೆ ಮನೆಗಳಲ್ಲಿ ಅವಳಿಗೆ ಇಷ್ಟು ಆಕಾಶ ದೊರೆತಿರಲಿಲ್ಲ. ಕಿರಿಯವಳು ಮೇ ಜುಲೈ ೨೬ಕ್ಕೆ ಮೂರು ತುಂಬಿ, ಅಕ್ಕಂದಿರ ಕೈಹಿಡಿದು ಹುಲ್ಲಿನ ನಡುವೆ ತಿರುಗಿದಳು. ಮಣ್ಣು, ಮರ, ಹೊಳೆ, ಅಕ್ಕಂದಿರು ಇವಿಷ್ಟಿದ್ದರೆ ಮೂರು ವರ್ಷದ ಮಗುವಿಗೆ ಬೇರೆ ಆಟಿಕೆ ಬೇಕೇ?

ಮನೆಗೆ ಬಂದುಹೋಗುವ ಜನರೂ ವಿಚಿತ್ರರೇ. ಒಬ್ಬ ತರುಣ ಒಂದು ವರ್ಷವೆಲ್ಲ ಬಿಸ್ಕತ್ತನ್ನೂ ಮರುವರ್ಷವೆಲ್ಲ ಸೇಬನ್ನೂ ತಿಂದು ಬದುಕಿದವನೆಂದು ಪ್ರತೀತಿ. ಇನ್ನೊಬ್ಬನಿಗೆ ಬಟ್ಟೆಯೇ ಬಂಧನ. ಮತ್ತೊಬ್ಬ ತನ್ನ ಹೆಸರನ್ನೇ ಹಿಂದುಮುಂದಾಗಿಸಿಕೊಂಡಿದ್ದ. ಜೋಸೆಫ್ ಪಾಮರ್ ಎಂಬ ರೈತ ಗಡ್ಡ ಬಿಟ್ಟುದಕ್ಕಾಗಿ ಊರವರ ಹಗೆ ಕಟ್ಟಿಕೊಂಡು, ಬಲಾತ್ಕಾರವಾಗಿ ಬೋಳಿಸಬಂದವರನ್ನು ಎದುರಿಸಿ ಸೆರೆಮನೆಯನ್ನೂ ಕಂಡುಬಂದವನು. ಕೈಯಿಂದ ಅಗೆದು ತೊಂಬತ್ತು ಎಕರೆ ಸಾಗದೆಂದು ಕಂಡಾಗ ಒಂದು ಎತ್ತನ್ನೂ ಒಂದು ಹಸುವನ್ನೂ ತಂದು ನೊಗಕ್ಕೆ ಕಟ್ಟಿ ಉತ್ತು ಮಾನ ಉಳಿಸಿದವನು ಅವನೇ.

ಜುಲೈ ತಿಂಗಳಲ್ಲಿ ಎಮರ್ಸನ್ ಬಂದು ನೋಡಿದ. ಬಿಸಿಲಿನ ತಿಂಗಳಲ್ಲಿ ಕಂಡ ಈ ಚೆಲುವು ಚಳಿಗಾಲಕ್ಕೆ ಉಳಿದೀತೇ ಎಂಬ ಸಂಶಯವನ್ನು ಆ ವಿವೇಕಿ ತನ್ನ ದಿನಚರಿಯಲ್ಲಿ ಗುರುತಿಟ್ಟ.

ಒಂದು ದೀಪದ ಜಗಳ

ಈ ಚೆಲುವಿನ ಹಿಂದೆ ಅಬಿಗೇಲಳ ದಿನ ಹೇಗಿತ್ತು? ಮಕ್ಕಳಿಗಿಂತ ಮೊದಲೇ ಏಳಬೇಕು. ನೀರು ತರಬೇಕು, ಒಲೆ ಹೊತ್ತಿಸಬೇಕು. ತೌಡು ತೆಗೆಯದ ಹಿಟ್ಟಿನ ರೊಟ್ಟಿ, ಗಂಜಿ, ಬೇಯಿಸಿದ ತರಕಾರಿ ಇವನ್ನು ಮೂರು ಹೊತ್ತೂ ಮಾಡಬೇಕು. ನಾರುಬಟ್ಟೆ ಹೊಲದ ಮಣ್ಣಿನಲ್ಲಿ ಕೊಳೆಯಾಗುವುದು ಎಷ್ಟು ಹೊತ್ತು! ಅದನ್ನು ಒಗೆದು, ಒಣಗಿಸಿ, ಹರಿದುದನ್ನು ಹೊಲಿಯಬೇಕು. ಇದರ ನಡುವೆ ಮೂರು ವರ್ಷದ ಮಗು ಸೆರಗು ಜಗ್ಗುತ್ತದೆ. ಗಂಡಸರು ಒಂದಿಷ್ಟು ಹೊತ್ತು ಹೊಲದಲ್ಲಿ ದುಡಿದು, ಬಳಿಕ ಆತ್ಮದ ಉನ್ನತಿಯನ್ನು ಕುರಿತು ಮಾತಿಗೆ ಕೂಡುತ್ತಿದ್ದರು. ಕೇಳಲು ಬಂದ ಅತಿಥಿಗಳಿಗೂ ಊಟವಾಗಬೇಕು.

ಹಲವು ವಾರ ಮನೆಯಲ್ಲಿ ಅಬಿಗೇಲಳ ಹೊರತು ಬೇರೆ ಹೆಂಗಸಿರಲಿಲ್ಲ. ಆನ್ ಪೇಜ್ ಎಂಬಾಕೆ ಬಂದಳು. ಮಕ್ಕಳಿಗೆ ಸಂಗೀತ ಹೇಳಿಕೊಟ್ಟಳು. ಅವಳ ಅತಿ ಶಿಸ್ತನ್ನು ಕಂಡರೆ ಲೂಯಿಸಾಳಿಗೆ ಆಗದು. ಆಕೆಯೂ ಹೆಚ್ಚು ಕಾಲ ನಿಲ್ಲಲಿಲ್ಲ. ನೆರೆಯವರ ಮನೆಯಲ್ಲಿ ಒಂದು ತುಂಡು ಮೀನು ತಿಂದ ಅಪರಾಧಕ್ಕಾಗಿ ಅವಳನ್ನು ಹೊರಡಿಸಿದರೆಂದು ಲೂಯಿಸಾ ಮುಂದೆ ಬರೆದ ಕಥೆಯೊಂದು ಹೇಳುತ್ತದೆ.

ಆ ಕಥೆಯನ್ನು ಲೂಯಿಸಾ ಬರೆದುದು ಮೂವತ್ತು ವರ್ಷಗಳ ಬಳಿಕ, ೧೮೭೩ರಲ್ಲಿ. ಹೆಸರುಗಳನ್ನು ಬದಲಿಸಿ, ನಗೆಯ ಲೇಪ ಕೊಟ್ಟು ಬರೆದ ಕಥೆ. ಆದರೆ ಒಳಗಿನ ನೋವು ಹಾಗೆಯೇ ಇದೆ. ಅದರಲ್ಲಿ ದೀಪದ ಪ್ರಸಂಗವೊಂದು ಬರುತ್ತದೆ. ಕತ್ತಲಾದೊಡನೆ ಗಂಡಸರು ಮೌನವಾಗಿ ಕುಳಿತು ಒಳಗಿನ ಬೆಳಕನ್ನು ಅರಸುವರು. ತಾಯಿಗೆ ಮಾತ್ರ ಹೊರಗಿನ ಬೆಳಕು ಬೇಕು. ಹಗಲೆಲ್ಲ ಬಿಡುವಿಲ್ಲದ ಅವಳಿಗೆ ಮಕ್ಕಳ ಹರಿದ ಬಟ್ಟೆ ಹೊಲಿಯಲು ಉಳಿದಿರುವುದು ರಾತ್ರಿಯೊಂದೇ. ಉಳಿದ ನಿಯಮಗಳನ್ನೆಲ್ಲ ತಲೆಬಾಗಿ ಒಪ್ಪಿದವಳು ಇಲ್ಲಿ ಮಾತ್ರ ಹಟ ಹಿಡಿಯುತ್ತಾಳೆ, ದೀಪ ಹೊತ್ತುತ್ತದೆ. ಹೊಲದಲ್ಲಿ ಹೊರೆ ಹೊರುವ ಪ್ರಾಣಿಗಳುಂಟೇ ಎಂದು ಅತಿಥಿಯೊಬ್ಬ ಕೇಳಿದಾಗ ಆ ತಾಯಿ ತನ್ನನ್ನೇ ತೋರಿಸಿಕೊಳ್ಳುವ ಸಂದರ್ಭವೂ ಅದೇ ಕಥೆಯಲ್ಲಿದೆ. ಓದಿದವರು ನಗುತ್ತಾರೆ, ನಕ್ಕ ಮೇಲೆ ಸುಮ್ಮನಾಗುತ್ತಾರೆ.

ಇದು ಬರಿಯ ಕಥೆಯ ಮಾತೂ ಅಲ್ಲ. ೧೮೪೩ರ ಆಗಸ್ಟಿನಲ್ಲಿ ಅಬಿಗೇಲ್ ಹತ್ತಿರದ ಶೇಕರ್ ಪಂಥದವರ ನೆಲೆಯನ್ನು ನೋಡಿಬಂದಳು. ಅಲ್ಲಿಯ ಗಂಡಸರು ಕೊಬ್ಬಿ ನೆಮ್ಮದಿಯಾಗಿದ್ದರೆ ಹೆಂಗಸರು ಮಂಕಾಗಿ ಕಂಡರೆಂದು ದಿನಚರಿಯಲ್ಲಿ ಬರೆದುಕೊಂಡಳು. ಎಲ್ಲಿ ಹೋದರೂ ನೊಗದ ಭಾರ ಹೆಣ್ಣಿನ ಕತ್ತಿಗೇ ಹೆಚ್ಚು ಬೀಳುತ್ತದೆ ಎಂಬ ಅನುಮಾನ ಅವಳಲ್ಲಿ ಅಂದೇ ಬೇರೂರಿತು.

ಮಳೆಯ ಮುಂದೆ ಓಟ

ಸೆಪ್ಟೆಂಬರ್ ಬಂದಿತು. ಬಾರ್ಲಿಯ ಬೆಳೆ ಕೊಯ್ಲಾಗಿ ಹೊಲದಲ್ಲಿಯೇ ಬಿದ್ದಿತ್ತು. ಚಳಿಗಾಲದ ಅನ್ನ ಅದೇ. ಆ ಹೊತ್ತಿನಲ್ಲಿ ಬ್ರಾನ್ಸನ್ ಮತ್ತು ಲೇನ್ ತಮ್ಮ ತತ್ತ್ವವನ್ನು ಹರಡಲು ನ್ಯೂಯಾರ್ಕ್ ಮೊದಲಾದ ಕಡೆಗೆ ಹೊರಟುಹೋಗಿದ್ದರು. ಉಳಿದವರೂ ಒಂದೊಂದು ನೆಪದಿಂದ ಚದುರಿದ್ದರು. ಆಗ ಆಕಾಶ ಕಪ್ಪಾಯಿತೆಂದು ಲೂಯಿಸಾಳ ಕಥೆ ಹೇಳುತ್ತದೆ. ಗುಡುಗು ಹತ್ತಿರವಾಗುತ್ತಿದ್ದಂತೆ ತಾಯಿ ಬಟ್ಟೆಯ ಬುಟ್ಟಿಗಳನ್ನೂ ಹಾಸಿಗೆಯ ಹೊದಿಕೆಗಳನ್ನೂ ಎಳೆದು ತಂದಳು. ಮೂವರು ಹೆಣ್ಣುಮಕ್ಕಳು ಮತ್ತು ಲೇನನ ಮಗ, ಇವರೇ ಅವಳ ಆಳುಗಳು. ತೆನೆಗಳನ್ನು ಹೊದಿಕೆಗೆ ತುಂಬುವುದು, ಗಂಟು ಕಟ್ಟಿ ಎಳೆಯುವುದು, ಮತ್ತೆ ಓಡುವುದು — ಹೀಗೆ ಮಳೆ ಬೀಳುವುದರೊಳಗೆ ಆದಷ್ಟನ್ನು ಒಳಗೆ ಸೇರಿಸಿದರು.

ಹನ್ನೆರಡು ವರ್ಷದ ಆನಾ, ಹತ್ತರ ಲೂಯಿಸಾ, ಎಂಟರ ಲಿಜ್ಜಿ! ನಮ್ಮಲ್ಲಿ ಒಕ್ಕಲ ಕಣದಲ್ಲಿ ಮಳೆ ಬಂದಾಗ ಮನೆಯ ಮಕ್ಕಳೆಲ್ಲ ಓಡುವುದುಂಟು. ದುಡಿಮೆಯನ್ನು ಕಂಡು ಬೆಳೆದ ಮಗುವಿಗೆ ಅದು ಹೆಮ್ಮೆಯೇ. ಆದರೆ ಮಕ್ಕಳ ಕೈ ಹಿರಿಯರ ಕೈಗೆ ನೆರವಾಗುವುದು ಬೇರೆ, ಹಿರಿಯರಿಲ್ಲದ ಕಡೆ ಮಕ್ಕಳ ಕೈಯೇ ಮನೆಯನ್ನು ಎತ್ತಿಹಿಡಿಯಬೇಕಾಗುವುದು ಬೇರೆ. ಆ ದಿನದಿಂದ ಅಬಿಗೇಲಳ ಮನಸ್ಸು ತಿರುಗಿತೆಂದು ಹೇಳಿದರೆ ತಪ್ಪಾಗದು.

ಮಗಳ ಪ್ರಾರ್ಥನೆ

ಅಕ್ಟೋಬರ್ ೮ ತಾಯಿಯ ಹುಟ್ಟುಹಬ್ಬ. ಕಣ್ಣು ಬಿಟ್ಟೊಡನೆ ಲೂಯಿಸಾಳಿಗೆ ನೆನಪಾದುದು ಅದೇ. ಪಾಚಿಯಿಂದ ಮಾಡಿದ ಒಂದು ಪುಟ್ಟ ಶಿಲುಬೆಯನ್ನೂ ಒಂದು ಪದ್ಯವನ್ನೂ ಅಮ್ಮನಿಗೆ ಕೊಟ್ಟಳು. ಆದರೆ ಚಳಿ ಬಾಗಿಲಿಗೆ ಬಂದಿತ್ತು. ಹಳೆಯ ಮನೆಯ ಬಿರುಕುಗಳಲ್ಲಿ ಗಾಳಿ ನುಗ್ಗುತ್ತಿತ್ತು. ಬೇಸಗೆಯ ಅತಿಥಿಗಳು ಒಬ್ಬೊಬ್ಬರಾಗಿ ಹೊರಟುಹೋದರು. ಕಣಜದಲ್ಲಿದ್ದುದು ಸ್ವಲ್ಪ ಬಾರ್ಲಿ, ಒಂದಿಷ್ಟು ಆಲೂಗೆಡ್ಡೆ. ಹೊರಗೆ ಹಿಮ, ಮೈಮೇಲೆ ನಾರುಬಟ್ಟೆ. ನವೆಂಬರ್ ೨೯ಕ್ಕೆ ಲೂಯಿಸಾಳಿಗೆ ಹನ್ನೊಂದು ತುಂಬಿತು. ಅದೇ ದಿನ ಅವಳ ತಂದೆಗೆ ನಲವತ್ತನಾಲ್ಕು.

ಹಸಿವಿಗಿಂತಲೂ ಚಳಿಗಿಂತಲೂ ದೊಡ್ಡ ಆಪತ್ತು ಇನ್ನೊಂದಿತ್ತು. ರಕ್ತಸಂಬಂಧದ ಸಣ್ಣ ಸಂಸಾರ ಸ್ವಾರ್ಥದ ಗೂಡು, ಅದನ್ನು ಮೀರಿ ಎಲ್ಲರೂ ಒಂದೇ ದೊಡ್ಡ ಕುಟುಂಬವಾಗಬೇಕು ಎಂಬುದು ಲೇನನ ಮತ. ಶೇಕರ್ ಪಂಥದವರಲ್ಲಿ ಗಂಡ ಹೆಂಡಿರು ಬೇರೆ ಬೇರೆ ಇರುತ್ತಿದ್ದರು. ಮಕ್ಕಳು ತಂದೆತಾಯಿಗಳವರಾಗಿರದೆ ಸಮುದಾಯದವರಾಗಿ ಬೆಳೆಯುತ್ತಿದ್ದರು. ಆ ಬಾಳು ಲೇನನ ಮನಸ್ಸನ್ನು ಸೆಳೆಯಿತು. ಬ್ರಾನ್ಸನ್ನನ ಮನಸ್ಸೂ ತೂಗಾಡತೊಡಗಿತು. ತಾನು ಹೆತ್ತವರನ್ನು ಮೀರಿದ ಕುಟುಂಬದ ಕಡೆಗೆ ಅಬಿಗೇಲಳಿಗೆ ಒಲವಿಲ್ಲವೆಂದು ಲೇನ್ ಗೆಳೆಯನಿಗೆ ಬರೆದ ಕಾಗದದಲ್ಲಿ ದೂರಿದ. ಅದು ದೂರಲ್ಲ, ಹೊಗಳಿಕೆ ಎಂಬುದು ಆತನಿಗೆ ಹೊಳೆಯಲಿಲ್ಲ.

ಡಿಸೆಂಬರ್ ೧೦ರ ಸಂಜೆ ತಂದೆ, ತಾಯಿ, ಆನಾ ಮತ್ತು ಲೂಯಿಸಾ ಕುಳಿತು ದೀರ್ಘವಾಗಿ ಮಾತನಾಡಿದರು. ಸಂಸಾರ ಒಡೆಯುವ ಮಾತು ಮಕ್ಕಳ ಕಿವಿಯ ಮೇಲೂ ಬಿದ್ದಿತು. ಎಲ್ಲರೂ ಅತ್ತರು. ಮಲಗಿದ ಮೇಲೂ ಆನಾ ಮತ್ತು ಲೂಯಿಸಾ ಹಾಸಿಗೆಯಲ್ಲಿ ಅಳುತ್ತಿದ್ದರು. ನಮ್ಮೆಲ್ಲರನ್ನೂ ಒಟ್ಟಿಗೆ ಇಡು ಎಂದು ಲೂಯಿಸಾ ದೇವರನ್ನು ಬೇಡಿಕೊಂಡಳು. ಹನ್ನೊಂದು ವರ್ಷದ ಹುಡುಗಿಯ ಕೈಬರಹದಲ್ಲಿ ಈ ಸಂಗತಿ ಉಳಿದಿದೆ. ಸಕ್ಕರೆಯಿಲ್ಲದ ಗಂಜಿಯ ಮೇಲೆ, ತಣ್ಣೀರಿನ ಸ್ನಾನದ ಮೇಲೆ, ತೆಳುಬಟ್ಟೆಯ ಮೇಲೆ ಅವಳ ದೂರು ಅಷ್ಟಾಗಿ ಇಲ್ಲ. ಅಪ್ಪ ಅಮ್ಮ ಅಗಲಿಬಿಟ್ಟರೆ ಎಂಬ ಭಯವೊಂದೇ ಅವಳನ್ನು ಅಲುಗಾಡಿಸಿತು. ಮಗು ಯಾವ ಬಡತನವನ್ನು ತಾಳಬಲ್ಲದು, ಯಾವುದನ್ನು ತಾಳಲಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಗಟ್ಟಿ ಮಾತನ್ನು ಕೊನೆಗೆ ಆಡಿದವಳು ತಾಯಿ. ತಾನೂ ತನ್ನ ನಾಲ್ವರು ಮಕ್ಕಳೂ ಈ ಮನೆಯನ್ನು ಬಿಟ್ಟು ಬಂಧುಮಿತ್ರರು ಒದಗಿಸುವ ಬೇರೊಂದು ಮನೆಗೆ ಹೋಗುವುದಾಗಿಯೂ, ಮನೆಯ ಸಾಮಾನು ತನ್ನದಾದ್ದರಿಂದ ಅದನ್ನು ಕೊಂಡೊಯ್ಯುವುದಾಗಿಯೂ ಆಕೆ ತಿಳಿಸಿದಳು. ಗಂಡ ಬರುವುದಾದರೆ ಬರಲಿ. ಹತ್ತೊಂಬತ್ತನೆಯ ಶತಮಾನದ ಗೃಹಿಣಿಯೊಬ್ಬಳು ಹೀಗೆ ಹೇಳುವುದು ಸಾಮಾನ್ಯವಲ್ಲ. ಆಕೆ ತತ್ತ್ವವನ್ನು ಹಳಿಯಲಿಲ್ಲ, ಗಂಡನನ್ನು ದೂಷಿಸಲಿಲ್ಲ. ಮಕ್ಕಳನ್ನು ಉಳಿಸಿಕೊಳ್ಳಲು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಳು.

೧೮೪೪ರ ಜನವರಿಯ ಮೊದಲ ವಾರದಲ್ಲಿ ಲೇನ್ ತನ್ನ ಮಗನನ್ನು ಕರೆದುಕೊಂಡು ಶೇಕರರ ನೆಲೆಗೆ ಹೊರಟುಹೋದ. ಕನಸು ಒಡೆದ ಬ್ರಾನ್ಸನ್ ಹಾಸಿಗೆ ಹಿಡಿದ; ಗೋಡೆಯ ಕಡೆಗೆ ಮುಖ ತಿರುಗಿಸಿ, ಅನ್ನ ನೀರು ಬಿಟ್ಟು, ಸಾವನ್ನೇ ಬಯಸಿ ಮಲಗಿದನೆಂದು ಮಗಳು ಬರೆದಿದ್ದಾಳೆ. ಹೆಂಡತಿಯ ಮೌನವಾದ ಆರೈಕೆಯೂ ಮಕ್ಕಳ ಮುಖವೂ ಆತನನ್ನು ಮತ್ತೆ ಎಬ್ಬಿಸಿದವು. ಅದೇ ತಿಂಗಳ ಮಧ್ಯದಲ್ಲಿ, ಹಿಮದ ನಡುವೆ, ಆರು ಮಂದಿಯ ಆ ಸಂಸಾರ ಹತ್ತಿರದ ಸ್ಟಿಲ್ ರಿವರ್ ಎಂಬ ಹಳ್ಳಿಯ ಬಾಡಿಗೆ ಕೋಣೆಗಳಿಗೆ ಸಾಗಿತು. ಏಳೂವರೆ ತಿಂಗಳಿಗೆ ಹಣ್ಣಿನ ನಾಡಿನ ಕಥೆ ಮುಗಿಯಿತು.

ಉಳಿದುದೇನು?

ಲೇನನ ಮಗನ ಗತಿ ಏನಾಯಿತೆಂದು ಕೇಳುವವರುಂಟು. ತಂದೆಗೆ ಕೆಲವು ಕಾಲದಲ್ಲಿಯೇ ಶೇಕರರ ಬಾಳೂ ಬೇಸರವಾಯಿತು, ಹೊರಬಂದ. ಆದರೆ ಸಮುದಾಯಕ್ಕೆ ಒಪ್ಪಿಸಿದ ಮಗನನ್ನು ಮರಳಿ ಪಡೆಯುವುದು ಸುಲಭವಾಗಲಿಲ್ಲ. ಆತ ಇಂಗ್ಲೆಂಡಿಗೆ ಹಿಂದಿರುಗಿದಾಗ ಹುಡುಗ ಅಲ್ಲಿಯೇ ಉಳಿದ. ಕೆಲವು ವರ್ಷ ಕಳೆದ ಬಳಿಕವಷ್ಟೇ ಅವನಿಗೆ ಬಿಡುಗಡೆಯಾಯಿತು. ಆ ಹುಡುಗನ ಪರವಾಗಿ ಮಾತನಾಡುವ ತಾಯಿ ಅಲ್ಲಿರಲಿಲ್ಲ.

ಆಲ್ಕಾಟರ ಬಡತನ ಫ್ರೂಟ್‌ಲ್ಯಾಂಡ್ಸ್ ಬಿಟ್ಟ ಮಾತ್ರಕ್ಕೆ ತೀರಲಿಲ್ಲ. ಅಬಿಗೇಲ್ ಬಾಸ್ಟನ್ನಿನಲ್ಲಿ ಬಡವರ ನಡುವೆ ಸಂಬಳದ ಸೇವೆಗೆ ನಿಂತಳು. ಹಿರಿಯ ಹೆಣ್ಣುಮಕ್ಕಳು ಪಾಠ ಹೇಳಿ, ಹೊಲಿದು ಗಳಿಸಿದರು. ಲಿಜ್ಜಿ ೧೮೫೮ರಲ್ಲಿ ಕಣ್ಣು ಮುಚ್ಚಿದಳು. ಮನೆಯಲ್ಲಿ ಸರಳತೆ ಹಿಂದೆಯೂ ಇತ್ತು, ಮುಂದೆಯೂ ಉಳಿಯಿತು. ಸೇಬು, ರೊಟ್ಟಿ, ಪುಸ್ತಕ, ಮಾತು, ಮನೆಯ ನಾಟಕ ಇವೇ ಅವರ ಸಂಪತ್ತು. ಬದಲಾದುದು ಒಂದೇ: ಸಂಸಾರದ ನಿರ್ಧಾರಗಳಲ್ಲಿ ಇನ್ನು ಮುಂದೆ ತಾಯಿಯ ಮಾತಿಗೂ ಬೆಲೆ ಬಂದಿತ್ತು. 'ಲಿಟ್ಲ್ ವಿಮೆನ್' ಕಾದಂಬರಿಯ ಮನೆಯೂ ಬಡವರ ಮನೆಯೇ. ಆದರೆ ಅಲ್ಲಿ ಒಲೆಯ ಬಳಿ ತಾಯಿ ಇದ್ದಾಳೆ, ಅವಳ ಕೈಯಲ್ಲಿ ದೀಪವಿದೆ, ಮಕ್ಕಳು ಒಟ್ಟಿಗಿದ್ದಾರೆ. ಅಂದು ಹಾಸಿಗೆಯಲ್ಲಿ ಅತ್ತು ಬೇಡಿದುದನ್ನು ಲೂಯಿಸಾ ಇಪ್ಪತ್ತೈದು ವರ್ಷಗಳ ಬಳಿಕ ಕಾಗದದ ಮೇಲೆ ಕಟ್ಟಿಕೊಂಡಳೆಂದರೆ ಸಲ್ಲುತ್ತದೆ. ಆ ಪುಸ್ತಕದ ಹಣದಿಂದಲೇ ಮನೆಯ ಸಾಲ ತೀರಿತು. ಮುದಿ ತಾಯಿಗೆ ಬೆಚ್ಚನೆಯ ಕೋಣೆ ದೊರೆಯಿತು.

ಸೆರಗು ಹಿಡಿದು ಆ ಗುಡ್ಡದ ಮೇಲೆ ತಿರುಗಿದ ಕಿರಿಯಳು ಮೇ ಚಿತ್ರಕಲಾವಿದೆಯಾದಳು. ಅಕ್ಕನ ಕಾದಂಬರಿಯ ಮೊದಲ ಮುದ್ರಣಕ್ಕೆ ಚಿತ್ರ ಬರೆದವಳು ಅವಳೇ. ಯೂರೋಪಿನಲ್ಲಿ ಕಲಿತು, ೧೮೭೭ರಲ್ಲಿ ಪ್ಯಾರಿಸಿನ ಪ್ರಸಿದ್ಧ ಕಲಾಪ್ರದರ್ಶನದಲ್ಲಿ ತನ್ನ ಚಿತ್ರವೊಂದಕ್ಕೆ ಸ್ಥಾನ ಪಡೆದಳು. ೧೮೭೯ರಲ್ಲಿ ಹೆಣ್ಣುಮಗುವನ್ನು ಹೆತ್ತು ಕೆಲವೇ ವಾರಗಳಲ್ಲಿ ತೀರಿಕೊಂಡಳು. ಆ ಮಗುವನ್ನು ಸಮುದ್ರದಾಚೆಯಿಂದ ತರಿಸಿಕೊಂಡು ಸಾಕಿದವಳು ದೊಡ್ಡಮ್ಮ ಲೂಯಿಸಾ. ಸಂಸಾರ ಚದುರಬಾರದೆಂಬ ಹನ್ನೊಂದು ವರ್ಷದ ಹುಡುಗಿಯ ಹಟ ಅಲ್ಲಿಯೂ ಕೆಲಸ ಮಾಡಿತು.

ಫ್ರೂಟ್‌ಲ್ಯಾಂಡ್ಸ್ ಹೊಲ ಮುಂದೆ ಗಡ್ಡದ ಪಾಮರನ ಪಾಲಾಯಿತು. ೧೯೧೪ರಲ್ಲಿ ಕ್ಲಾರಾ ಎಂಡಿಕಾಟ್ ಸಿಯರ್ಸ್ ಎಂಬ ಮಹಿಳೆ ಆ ಮನೆಯನ್ನು ದುರಸ್ತಿ ಮಾಡಿಸಿ ಸಾರ್ವಜನಿಕರಿಗೆ ತೆರೆದಳು. ಇಂದಿಗೂ ಅದು ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಆ ತಿಂಗಳುಗಳಲ್ಲಿ ಬ್ರಾನ್ಸನ್ ಬರೆದ ದಿನಚರಿ ಪ್ರಯಾಣವೊಂದರಲ್ಲಿ ಕಳೆದುಹೋಯಿತು. ಮಹಾತತ್ತ್ವಗಳ ಆ ಬರಹ ಹೋಗಿ, ತಾಯಿಯ ನಾಲ್ಕು ಮಾತು, ಹೆಣ್ಣುಮಕ್ಕಳ ಹರಕು ಹಾಳೆಗಳು ಉಳಿದುದು ವಿಧಿಯ ವಿಚಿತ್ರ.

ಸರಳವಾಗಿ ಬಾಳುವ ಆಸೆ ತಪ್ಪಲ್ಲ. ಇಂದಿಗೂ ನಗರ ಬಿಟ್ಟು, ವಿದ್ಯುತ್ತಿನ ತಂತಿಯನ್ನೂ ಅಂಗಡಿಬೀದಿಯನ್ನೂ ಹಿಂದೆ ಬಿಟ್ಟು, ಪುಟ್ಟ ಮಕ್ಕಳೊಡನೆ ಮಣ್ಣಿನ ಕಡೆಗೆ ಹೊರಡುವ ತರುಣ ದಂಪತಿಗಳು ಎಲ್ಲ ನಾಡುಗಳಲ್ಲಿಯೂ ಇದ್ದಾರೆ. ಅವರ ಮಕ್ಕಳಿಗೆ ಲೂಯಿಸಾ ಕಂಡಂಥ ಆಕಾಶವೂ ಗುಡ್ಡವೂ ದೊರೆಯಲಿ. ಏನೇನು ಬಿಡಬೇಕೆಂಬ ಪಟ್ಟಿಯನ್ನು ಅವರು ಮಾಡಿಕೊಂಡೇ ಹೊರಟಿರುತ್ತಾರೆ. ಆದರೆ ಬಿಟ್ಟ ಪ್ರತಿಯೊಂದು ವಸ್ತುವಿನ ಕೆಲಸವನ್ನು ಇನ್ನು ಯಾರ ಕೈ ಮಾಡಬೇಕು ಎಂಬ ಇನ್ನೊಂದು ಪಟ್ಟಿಯೂ ಆ ಗಂಟಿನಲ್ಲಿರಬೇಕು. ಅದರಲ್ಲಿ ಗಂಡ ಹೆಂಡಿರಿಬ್ಬರ ಹೆಸರೂ ಸಮನಾಗಿ ಬರೆದಿರಬೇಕು. ಅಬಿಗೇಲ್ ಆಲ್ಕಾಟ್ ಆ ಪಟ್ಟಿಯನ್ನು ಯಾವ ಗ್ರಂಥದಲ್ಲಿಯೂ ಬರೆಯಲಿಲ್ಲ. ಮಕ್ಕಳ ಹರಿದ ಬಟ್ಟೆಯನ್ನು ಹೊಲಿಯುತ್ತ, ತಾನು ಹಟ ಹಿಡಿದು ಹೊತ್ತಿಸಿದ ಆ ಒಂದೇ ದೀಪದ ಬೆಳಕಿನಲ್ಲಿ ಅದನ್ನು ಓದಿಕೊಂಡಳು.